ದುಡಿ ಹಿಡಿಯುವ ಮೊದಲು

ನಾಪೋಕ್ಲು
ಕಾವೇರಿ ಸಂಕ್ರಮಣದ ಮರುವಾರ

ಪ್ರೀತಿಯ ಕುಞ್ಞಿ,

ನೀನು ಕಳಿಸಿದ ರೆಕಾರ್ಡಿಂಗ್ ಕೇಳಿದೆ. ನಿನ್ನ ಅವ್ವ ಫೋನನ್ನು ಕಿವಿಗೆ ಹಿಡಿದು ಕೇಳಿಸಿದಳು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಜೋರು ಮಾಡಿಸಿ, ಮತ್ತೆ ಮತ್ತೆ ಕೇಳಿದೆ. ಅದರ ಕೆಳಗೆ ನೀನು ಬರೆದದ್ದನ್ನೂ ಓದಿದೆ: ನನ್ನ ದನಿ ಇಷ್ಟು ಕೆಟ್ಟದಾಗಿದೆ ಎಂದು ಗೊತ್ತಿರಲಿಲ್ಲ, ಈ ಸಲ ಪುತ್ತರಿ ಹಬ್ಬಕ್ಕೆ ದುಡಿ ಬಡಿದು ಹಾಡುವ ದುಡಿಕೊಟ್ಟ್ ಪಾಟಿಗೆ ನನ್ನನ್ನು ಸೇರಿಸಬೇಡಿ ಅಂತ. ಫೋನಿನಲ್ಲಿ ಉತ್ತರ ಹೇಳಹೊರಟರೆ ನೀನು 'ಹ್ಞೂಂ ತಾತ, ಹ್ಞೂಂ' ಎಂದು ಮುಗಿಸಿಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಪುತ್ತರಿಗೆ ಇನ್ನೂ ತಿಂಗಳ ಮೇಲೆ ಸಮಯವಿದೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ದಿನ ನಿಗದಿಯಾದ ಕೂಡಲೇ ತಿಳಿಸುತ್ತೇನೆ. ಅಷ್ಟರೊಳಗೆ ಮಾಡಬಹುದಾದ ಕೆಲಸ ಬಹಳ ಇದೆ.

ನಿನ್ನ ದನಿಯೇ ನಿನಗೆ ಯಾರದೋ ದನಿಯಂತೆ ಕೇಳಿಸಿತು ಅಂದೆಯಲ್ಲ, ಅದು ಎಲ್ಲರಿಗೂ ಆಗುವುದೇ. ಹಾಡುವಾಗ ನಮ್ಮ ದನಿ ಎರಡು ದಾರಿಯಲ್ಲಿ ನಮ್ಮನ್ನು ತಲುಪುತ್ತದೆ. ಒಂದು ಗಾಳಿಯಲ್ಲಿ ಬಂದು ಕಿವಿಗೆ ಬೀಳುವುದು. ಇನ್ನೊಂದು ದವಡೆ, ತಲೆಬುರುಡೆಯ ಮೂಳೆಗಳ ಮೂಲಕ ಒಳಗಿಂದಲೇ ಬರುವುದು. ಮೂಳೆಯ ದಾರಿಯಲ್ಲಿ ತಗ್ಗಿನ ನಾದ ಹೆಚ್ಚಾಗಿ ಸಾಗುವುದರಿಂದ ನಮ್ಮ ದನಿ ನಮಗೆ ತುಂಬಿಕೊಂಡ ಹಾಗೆ ಕೇಳುತ್ತದೆ. ಫೋನಿಗೆ ಆ ಎರಡನೆಯ ದಾರಿ ಇಲ್ಲ, ಆದ್ದರಿಂದ ತೆಳುವಾಗಿ ಕೇಳಿಸಿತು. ಊರವರು ಇಷ್ಟು ದಿನ ಕೇಳುತ್ತ ಬಂದದ್ದು ಅದೇ ದನಿಯನ್ನು, ಯಾರೂ ಕಿವಿ ಮುಚ್ಚಿಕೊಂಡಿಲ್ಲ. ಅಳಿಸಬೇಡ. ದಿನಕ್ಕೊಮ್ಮೆ ಹಾಕಿಕೊಂಡು ಕೇಳು. ಕೆಲವೇ ದಿನಗಳಲ್ಲಿ ನಾಚಿಕೆ ಇಳಿದು, ತಪ್ಪು ಎಲ್ಲಿದೆ ಎಂಬುದು ತಾನಾಗಿ ಕಾಣತೊಡಗುತ್ತದೆ.

ನನಗೆ ಕೇಳಿಸಿದ ತಪ್ಪುಗಳನ್ನು ಹೇಳುತ್ತೇನೆ. ಮೊದಲ ಸಾಲನ್ನೇ ನೀನು ಎಷ್ಟು ಎತ್ತರದಲ್ಲಿ ಹಿಡಿದಿದ್ದೀ ಎಂದರೆ ಮೂರನೆಯ ಸಾಲು ಏರುವಾಗ ನಿನಗೆ ಜಾಗವೇ ಉಳಿದಿಲ್ಲ. ಅಲ್ಲಿ ದನಿ ಒಡೆಯಿತು. ಒಡೆದದ್ದಕ್ಕೆ ಹೆದರಿ ಇನ್ನೂ ಜೋರಾಗಿ ತಳ್ಳಿದೆ, ಗಂಟಲು ಬಿಗಿಯಿತು. ಸಾಲಿನ ಕೊನೆಯ ಅಕ್ಷರಗಳು ಉಸಿರು ಸಾಲದೆ ನುಂಗಿಹೋಗಿವೆ. ಇಷ್ಟೇ. ತಾಳ ಎಲ್ಲಿಯೂ ತಪ್ಪಿಲ್ಲ. ಇಳಿದು ಬರುವಾಗ ಸ್ವರ ಸರಿಯಾದ ಜಾಗದಲ್ಲೇ ಬಂದು ಕೂರುತ್ತದೆ. ಶಾಲೆಯಲ್ಲಿ ಯಾರೋ ಒಬ್ಬರು ಪ್ರಾರ್ಥನೆಯ ಸಾಲಿನಲ್ಲಿ ನಿನ್ನನ್ನು ಹಿಂದೆ ನಿಲ್ಲಿಸಿ, ಬಾಯಿ ಆಡಿಸು ಸಾಕು ಎಂದಿದ್ದರಂತೆ. ಆಗ ನಿನಗೆ ಹದಿಮೂರೋ ಹದಿನಾಲ್ಕೋ. ಗಂಡುಹುಡುಗರ ಗಂಟಲು ಒಡೆಯುವ ವಯಸ್ಸು ಅದು. ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಅದರೊಳಗಿನ ತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಆ ಸಮಯದಲ್ಲಿ ಯಾವ ಹುಡುಗನ ದನಿಯೂ ಅವನ ಮಾತು ಕೇಳುವುದಿಲ್ಲ. ಅಂದಿನ ತೀರ್ಪನ್ನು ಇವತ್ತಿಗೂ ಹೊತ್ತುಕೊಂಡು ತಿರುಗುವುದು ನ್ಯಾಯವಲ್ಲ ಮಗನೇ. ಸ್ವರದ ಏರಿಳಿತವೇ ತಿಳಿಯದವರು ಲೋಕದಲ್ಲಿ ಬಹಳ ಅಪರೂಪ, ನೀನಂತೂ ಆ ಪೈಕಿ ಅಲ್ಲವೇ ಅಲ್ಲ.

ಈಗ ಮಾಡಬೇಕಾದದ್ದು. ಎಲ್ಲಕ್ಕಿಂತ ಮೊದಲು ನಿನ್ನ ಶ್ರುತಿ ಯಾವುದು ಎಂದು ಹುಡುಕಿಕೊ. ಇದೊಂದನ್ನು ಮಾಡದೆ ಉಳಿದದ್ದೆಲ್ಲ ಮಾಡಿದರೂ ಪ್ರಯೋಜನವಿಲ್ಲ. ಫೋನಿನಲ್ಲಿ ತಂಬೂರಿಯ ಆ್ಯಪ್ ಹಾಕಿಕೊ. ಸಂಗೀತದವರು ಒಂದು ಮನೆ, ಎರಡು ಮನೆ, ಐದು ಮನೆ ಎನ್ನುತ್ತಾರೆ. ಗಂಡಸರಲ್ಲಿ ಬಹಳ ಮಂದಿಗೆ ಒಂದರಿಂದ ಎರಡರೊಳಗೆ ಸರಿಹೋಗುತ್ತದೆ, ಹೆಂಗಸರಿಗೆ ಸಾಮಾನ್ಯವಾಗಿ ಐದರ ಆಸುಪಾಸು. ಒಂದು ಮನೆ ಇಟ್ಟುಕೊಂಡು ಷಡ್ಜ ಹಿಡಿ. ಅಲ್ಲಿಂದ ಮಂದ್ರದ ಪಂಚಮದವರೆಗೆ ಇಳಿ. ದನಿ ಗೊರಗೊರ ಎನ್ನದೆ ಸ್ಪಷ್ಟವಾಗಿ ಕೇಳಬೇಕು. ಮತ್ತೆ ತಾರ ಷಡ್ಜ ದಾಟಿ ಗಾಂಧಾರದವರೆಗೆ ಏರು. ಗದ್ದ ಮೇಲೇಳಬಾರದು, ಕತ್ತಿನ ನರ ಉಬ್ಬಬಾರದು. ಎರಡೂ ಕಡೆ ನೆಮ್ಮದಿ ಇದ್ದರೆ ಅದೇ ನಿನ್ನ ಶ್ರುತಿ. ಕೆಳಗೆ ಕಷ್ಟವಾದರೆ ಅರ್ಧ ಮನೆ ಏರಿಸು, ಮೇಲೆ ಕಷ್ಟವಾದರೆ ಇಳಿಸು. ಸಿನಿಮಾ ಹಾಡಿನ ಗಾಯಕ ಎಲ್ಲಿ ಹಾಡಿದ್ದಾನೋ ಅಲ್ಲೇ ಹಾಡುತ್ತೇನೆ ಎಂದು ಹಟ ಹಿಡಿಯುವ ಹುಡುಗರನ್ನು ಎಷ್ಟೋ ನೋಡಿದ್ದೇನೆ. ಅವನ ಗಂಟಲು ಅವನದು.

ನಿನ್ನ ದನಿ ತಗ್ಗಿನದು, ಸ್ವಲ್ಪ ಗಡುಸು. ಅದು ದೋಷ ಎಂದು ನಿನಗೆ ಯಾರು ಹೇಳಿದರು? ಗಂಗೂಬಾಯಿ ಹಾನಗಲ್ ಅವರ ಹಳೆಯ ಗ್ರಾಮಫೋನ್ ರೆಕಾರ್ಡುಗಳಲ್ಲಿ ತೆಳುವಾದ ಇಂಪಾದ ದನಿ ಇದೆ. ಟಾನ್ಸಿಲ್ ಚಿಕಿತ್ಸೆಯಾದ ಮೇಲೆ ಅದು ತಗ್ಗಿ, ಗಂಡುದನಿಯಷ್ಟು ಗಡಸಾಯಿತು. ಅವರು ಹಳೆಯ ದನಿಯ ಹಿಂದೆ ಓಡಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತದ್ದನ್ನೆಲ್ಲ ಆ ಹೊಸ ದನಿಯಲ್ಲೇ ತುಂಬಿದರು. 2002ರಲ್ಲಿ ಪದ್ಮವಿಭೂಷಣ ಬಂದದ್ದು ಆ ಗಡಸು ದನಿಗೇ. ಒಂದು ರಾತ್ರಿ ಹಾಸ್ಟೆಲಿನಲ್ಲಿ ಮಲಗುವ ಮುಂಚೆ ಅವರದೊಂದು ರಾಗ ಹಾಕಿಕೊಂಡು ಕೇಳು. ಎಷ್ಟು ನಿಧಾನವಾಗಿ ಕೆಳಗಿನ ಸ್ವರಗಳಲ್ಲಿ ನಿಲ್ಲುತ್ತಾರೆ ಎಂಬುದನ್ನು ಮಾತ್ರ ಗಮನಿಸು.

ತಳ್ಳಬೇಡ ಎಂದು ಯಾಕೆ ಇಷ್ಟು ಹೇಳುತ್ತೇನೆ ಎಂದರೆ, ಗಂಟಲೊಳಗೆ ಏನು ನಡೆಯುತ್ತದೆ ಎಂದು ತಿಳಿದರೆ ನೀನೇ ತಳ್ಳುವುದನ್ನು ಬಿಡುತ್ತೀ. ಶ್ವಾಸನಾಳದ ತುದಿಯಲ್ಲಿ ಎರಡು ಪುಟ್ಟ ಮಡಿಕೆಗಳಿವೆ, ಅವೇ ಧ್ವನಿತಂತುಗಳು. ಗಂಡಸಿನ ಸಾಧಾರಣ ಮಾತಿನಲ್ಲೇ ಅವು ಸೆಕೆಂಡಿಗೆ ಸುಮಾರು 100ರಿಂದ 130 ಸಲ ಒಂದಕ್ಕೊಂದು ತಾಗಿ ಬಿಡುತ್ತವೆ. ಸ್ವರ ಏರಿದಂತೆ ತಂತು ಹಿಗ್ಗಿ ತೆಳುವಾಗಬೇಕು, ತಾಗುವ ವೇಗ ಹೆಚ್ಚಬೇಕು. ಹಿಗ್ಗಲು ಬಿಡದೆ ಕೆಳಗಿಂದ ಗಾಳಿ ನುಗ್ಗಿಸಿದರೆ ಅವು ಬಡಿದಾಡಿಕೊಂಡು ಊದಿಕೊಳ್ಳುತ್ತವೆ. ಬೆಳಿಗ್ಗೆ ಏಳುವಾಗ ದನಿ ಬಿದ್ದುಹೋಗಿರುವುದು ಅದರಿಂದಲೇ. ಬದುಕಿರುವ ಮನುಷ್ಯನ ಈ ತಂತುಗಳು ಹಾಡುವಾಗ ಹೇಗೆ ಕೆಲಸ ಮಾಡುತ್ತವೆ ಎಂದು ಚೆನ್ನಾಗಿ ನೋಡಿ ವಿವರಿಸಿದವರಲ್ಲಿ ಮೊದಲಿಗ ಒಬ್ಬ ಹಾಡುಗಾರಿಕೆಯ ಮೇಷ್ಟ್ರು, ವೈದ್ಯನಲ್ಲ. ಹೆಸರು ಮ್ಯಾನುಯೆಲ್ ಗಾರ್ಸಿಯಾ. 1854ರಲ್ಲಿ ಹಲ್ಲಿನ ವೈದ್ಯರು ಬಳಸುವ ಪುಟ್ಟ ಕನ್ನಡಿಯನ್ನು ತನ್ನ ಗಂಟಲೊಳಗೆ ಹಿಡಿದು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ, ತನ್ನದೇ ತಂತುಗಳನ್ನು ನೋಡಿಕೊಂಡ. ಮರುವರ್ಷ ಅದರ ವಿವರವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. ಇವತ್ತು ಇಎನ್‌ಟಿ ವೈದ್ಯರು ಗಂಟಲು ನೋಡುವ ಪದ್ಧತಿಯ ಬೇರು ಅಲ್ಲಿದೆ. ಆತ 101 ವರ್ಷ ಬಾಳಿದ. ಹಾಡುವಾಗ ಗಂಟಲೊಳಗೆ ಏನು ನಡೆಯುತ್ತದೆ ಎಂದು ತಿಳಿಯುವ ಆಸೆಗೆ ಅಷ್ಟು ಮಾಡಿದ ಮೇಷ್ಟ್ರ ಮೇಲೆ ನನಗೆ ತುಂಬ ಗೌರವ.

ಉಸಿರು. ನೀನು ಉಸಿರು ಎಳೆದಾಗ ಭುಜ ಮೇಲೆ ಹೋಗುತ್ತದೆ, ಇದು ನನಗೆ ರೆಕಾರ್ಡಿಂಗ್ ಇಲ್ಲದೆಯೂ ಗೊತ್ತು. ಚಾಪೆಯ ಮೇಲೆ ಅಂಗಾತ ಮಲಗಿ ಹೊಟ್ಟೆಯ ಮೇಲೆ ಒಂದು ಪುಸ್ತಕ ಇಟ್ಟುಕೊ. ಉಸಿರೆಳೆದಾಗ ಪುಸ್ತಕ ಏರಬೇಕು, ಬಿಟ್ಟಾಗ ಇಳಿಯಬೇಕು. ಅದು ತಿಳಿದ ಮೇಲೆ ನಿಂತುಕೊಂಡು ಮಾಡು. ಆಮೇಲೆ 'ಸ್' ಎಂದು ಹಲ್ಲಿನ ಸಂದಿಯಿಂದ ಗಾಳಿಯನ್ನು ಒಂದೇ ಸಮ ಬಿಡು. ಮೊದಲಲ್ಲಿ ಭರ್ರನೆ ಹೋಗಿ ಕೊನೆಯಲ್ಲಿ ಸೊರಗಬಾರದು. ಸಾಲಿನ ಕೊನೆಯ ಅಕ್ಷರ ನುಂಗಿಹೋಗುವ ರೋಗಕ್ಕೆ ಇದೇ ಮದ್ದು.

ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಒಂದು ಲೋಟ ನೀರು ಕುಡಿದು, ಅರ್ಧ ಗಂಟೆ ಕೂರು. ಅದಕ್ಕಿಂತ ಹೆಚ್ಚು ಬೇಡ, ಆದರೆ ಬಿಡದೆ ದಿನವೂ. ಭಾನುವಾರ ಮೂರು ಗಂಟೆ ಹಾಡಿ ಉಳಿದ ದಿನ ಸುಮ್ಮನಿರುವವನ ದನಿ ಎಂದೂ ಪಳಗುವುದಿಲ್ಲ. ಮೊದಲು ಬಾಯಿ ಮುಚ್ಚಿ 'ಮ್' ಎಂದು ಗುನುಗು, ತುಟಿಯಲ್ಲಿ, ಮೂಗಿನ ಬುಡದಲ್ಲಿ ಸಣ್ಣ ಅದುರು ತಿಳಿಯಬೇಕು. ನಂತರ ಎಳನೀರಿನ ಸ್ಟ್ರಾ ಒಂದನ್ನು ಅರ್ಧ ಲೋಟ ನೀರಿನಲ್ಲಿ ಇಳಿಸಿ, ಗುಳ್ಳೆ ಏಳುವಂತೆ ಅದರೊಳಗೆ 'ಊ' ಎಂದು ಸ್ವರ ಹಿಡಿ, ಕೆಳಗಿಂದ ಮೇಲೆ ಮೇಲಿಂದ ಕೆಳಗೆ ಜಾರಿಸು. ಸ್ಟ್ರಾದೊಳಗಿನ ಒತ್ತಡ ತಿರುಗಿ ಬಂದು ತಂತುಗಳನ್ನು ಹಗುರವಾಗಿ ಬಿಡಿಸುತ್ತದೆ, ಬಡಿದಾಟ ಕಡಿಮೆಯಾಗುತ್ತದೆ. ಧ್ವನಿಚಿಕಿತ್ಸಕರು ರೋಗಿಗಳಿಗೂ ಇದನ್ನೇ ಹೇಳಿಕೊಡುತ್ತಾರೆ. ಹಾಸ್ಟೆಲಿನಲ್ಲಿ ಪಕ್ಕದ ರೂಮಿನವರಿಗೂ ತೊಂದರೆಯಿಲ್ಲ. ಇದಾದ ಮೇಲೆ ಷಡ್ಜದಲ್ಲಿ ಅಕಾರ ಹಿಡಿದು ನಿಲ್ಲು, ಮಂದ್ರಕ್ಕೆ ಇಳಿ. ಕೊನೆಗೆ ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಮೂರೂ ಕಾಲದಲ್ಲಿ. ಪುರಂದರದಾಸರು ಹಾಕಿಕೊಟ್ಟ ದಾರಿ ಎಂದು ಹೇಳಿಕೊಂಡು ಬಂದ ಪಾಠ ಅದು. ಕಛೇರಿ ಮಾಡುವವರಿಗಷ್ಟೇ ಅಲ್ಲ, ಹಾಡಬೇಕೆನ್ನುವ ಯಾರಿಗೂ ಅದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಗೊತ್ತಿಲ್ಲ.

ಇನ್ನು ನಮ್ಮ ಪಾಟಿಗೆ ಬರೋಣ. ಅಲ್ಲಿ ತಂಬೂರಿ ಇಲ್ಲ, ಹಾರ್ಮೋನಿಯಂ ಇಲ್ಲ. ನಾಲ್ವರು, ನಾಲ್ಕು ದುಡಿ. ಇಬ್ಬರು ಸಾಲು ಎತ್ತಿ ಹಾಡುತ್ತಾರೆ, ಇನ್ನಿಬ್ಬರು ಅದನ್ನು ಮರಳಿ ಹಾಡುತ್ತಾರೆ. ಹೀಗೆ ಗಂಟೆಗಟ್ಟಲೆ. ಇದನ್ನು ಯಾರು ಮೊದಲು ಕಟ್ಟಿದರೋ, ಗಂಟಲಿನ ವಿಚಾರ ಬಲ್ಲವರು. ಒಂದು ಜೋಡಿ ಹಾಡುವಾಗ ಇನ್ನೊಂದು ಜೋಡಿಗೆ ಉಸಿರು ಸಿಗುತ್ತದೆ, ಮುಂದಿನ ಸಾಲು ನೆನಪಾಗುತ್ತದೆ, ತಂತುಗಳಿಗೆ ಬಿಡುವು ದೊರೆಯುತ್ತದೆ. ಆ ಬಿಡುವಿನಲ್ಲಿ ನಿನ್ನ ಕೆಲಸ ಏನು ಗೊತ್ತೇ? ಕೇಳುವುದು. ಎದುರು ಜೋಡಿ ಸಾಲನ್ನು ಯಾವ ಸ್ವರದಲ್ಲಿ ಬಿಟ್ಟಿತೋ ಅಲ್ಲಿಂದಲೇ ನೀನು ಎತ್ತಬೇಕು. ಸಾಮಾನ್ಯವಾಗಿ ಏನಾಗುತ್ತದೆ ಎಂದರೆ, ಹುಮ್ಮಸ್ಸಿನಲ್ಲಿ ಒಬ್ಬ ಚೂರು ಏರಿಸುತ್ತಾನೆ, ಮರಳಿ ಹಾಡುವವರು ಇನ್ನೂ ಚೂರು. ಮನೆ ಮನೆಗೆ ಹೋಗಿ ಹಾಡುತ್ತ ನಾಲ್ಕನೇ ಮನೆಯ ಬಾಗಿಲು ಮುಟ್ಟುವಷ್ಟರಲ್ಲಿ ಎಲ್ಲರೂ ಕಿರುಚುತ್ತಿರುತ್ತಾರೆ. ಹಾಗೇ ದುಡಿಯ ನಡೆಯೂ ಓಡತೊಡಗುತ್ತದೆ. ಹಿರಿಯ ಹಾಡುಗಾರರು ಮೊದಲ ಸಾಲನ್ನು ಬೇಕೆಂದೇ ತಗ್ಗಿನಲ್ಲಿ, ಬೇಕೆಂದೇ ಸಾವಕಾಶವಾಗಿ ಹಿಡಿಯುತ್ತಿದ್ದರು. ಕೂತವರಿಗೆ ಆಗ ಸಪ್ಪೆ ಎನಿಸಿದರೂ ನಡುರಾತ್ರಿಯ ಹೊತ್ತಿಗೆ ಆ ತಂಡದ್ದೇ ದನಿ ತುಂಬಿ ಕೇಳುತ್ತಿತ್ತು. ಪಕ್ಕದವನ ದನಿ ನಿನ್ನ ದನಿಗಿಂತ ಜೋರಾಗಿ ನಿನಗೆ ಕೇಳಿಸುವಷ್ಟೇ ಹಾಡು. ಕೋಣೆಯಲ್ಲಿ ಒಬ್ಬನೇ ಎಷ್ಟು ಸಾಧನೆ ಮಾಡಿದರೂ ಈ ಅಳತೆ ತಿಳಿಯುವುದಿಲ್ಲ, ನಾಲ್ವರ ಜೊತೆ ನಿಂತಾಗಲೇ ತಿಳಿಯುವುದು.

ಸಾಹಿತ್ಯದ ವಿಷಯದಲ್ಲಿ ಒಂದು ಎಚ್ಚರ. ನೀನು ಪುಸ್ತಕ ನೋಡಿ ಕಲಿಯುತ್ತಿದ್ದೀ ಎಂದು ರೆಕಾರ್ಡಿಂಗಿನಲ್ಲೇ ತಿಳಿಯಿತು. ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' ನಿನ್ನ ಕೈಯಲ್ಲಿದೆ ಎಂಬುದೇ ನನಗೆ ದೊಡ್ಡ ಸಂತೋಷ. 1924ರಲ್ಲಿ ಅವರು ಅದನ್ನು ಅಚ್ಚು ಹಾಕಿಸದಿದ್ದರೆ ಎಷ್ಟು ಪಾಟುಗಳು ಮುದುಕರ ಜೊತೆಗೇ ಮಣ್ಣಾಗುತ್ತಿದ್ದವೋ. ಮೇಷ್ಟ್ರಾಗಿದ್ದವರು, ಪೊಲೀಸ್ ಅಧಿಕಾರಿಯಾಗಿದ್ದವರು, ಸ್ವತಃ ಹಾಡುತ್ತಿದ್ದವರು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ 2003ರಲ್ಲಿ ಅದನ್ನು ಇಂಗ್ಲಿಷಿಗೂ ತಂದರು. ಆದರೆ ಪುಸ್ತಕ ಇರುವುದು ಕನ್ನಡ ಲಿಪಿಯಲ್ಲಿ. ನಮ್ಮ ಭಾಷೆಯಾದ ಕೊಡವ ತಕ್ಕಿನಲ್ಲಿ ನಾಲಗೆಯನ್ನು ನಡುವಿಗೆ ಎಳೆದು ಉಚ್ಚರಿಸುವ ಸ್ವರಗಳಿವೆ, ಅವುಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ. ಮೈಸೂರಿನಲ್ಲಿ ಬೆಳೆದ ನೀನು ಅಲ್ಲಿ ಬರೆದಿರುವ ಇಕಾರ ಎಕಾರಗಳನ್ನು ಕನ್ನಡದ ಹಾಗೆಯೇ ಎಳೆಯುತ್ತೀ. ಹಾಡಿನಲ್ಲಿ ದನಿ ನಿಲ್ಲುವುದೇ ಸ್ವರಾಕ್ಷರದ ಮೇಲೆ. ಅದು ಬೇರೆಯಾದರೆ ನಾಲ್ವರ ದನಿ ಒಂದಾಗಿ ಬೆರೆಯುವುದಿಲ್ಲ, ಶ್ರುತಿ ಸರಿಯಿದ್ದರೂ ಏನೋ ತಪ್ಪಿದ ಹಾಗೆ ಕೇಳುತ್ತದೆ. ಆದ್ದರಿಂದ ನಿನ್ನ ಅಜ್ಜಿ ಪ್ರತಿ ಸಾಲನ್ನೂ ನಿಧಾನವಾಗಿ ಮಾತಿನಂತೆ ಹೇಳಿ ಕಳಿಸುತ್ತಾಳೆ. ಮೊದಲು ಅವಳ ಹಾಗೆ ಮಾತಾಡು, ಆಮೇಲೆ ಹಾಡು. ಅರ್ಥ ತಿಳಿಯದ ಪದ ಸಿಕ್ಕರೆ ಅವಳನ್ನೇ ಕೇಳು. ಮಡಿಕೇರಿ ಆಕಾಶವಾಣಿಯಲ್ಲಿ ನಮ್ಮ ಪಾಟು ಬಂದಾಗಲೂ ಕಿವಿ ಕೊಡು.

ಪುತ್ತರಿಯ ರಾತ್ರಿಯದ್ದೇ ಒಂದು ಪರೀಕ್ಷೆ. ಗದ್ದೆಯಲ್ಲಿ ಕದಿರು ತೆಗೆಯುವಾಗ ಕೋವಿಯ ಸದ್ದು, 'ಪೊಲಿ ಪೊಲಿ' ಎಂಬ ಕೂಗು. ಡಿಸೆಂಬರಿನ ಮಂಜಿನಲ್ಲಿ, ತಯಾರಿಲ್ಲದ ಗಂಟಲಿನಿಂದ ಎಲ್ಲರೂ ಒಟ್ಟಿಗೆ ಅರಚುತ್ತಾರೆ. ಅಲ್ಲೇ ಅರ್ಧ ಹಾಡುಗಾರರ ದನಿ ಹೋಗುವುದು. ನೀನು ಕೂಗಬೇಡ ಎಂದು ನಾನು ಹೇಳಲಾರೆ, ದೇವರ ಕೆಲಸ, ಆ ಕೂಗಿನಲ್ಲಿ ನೀನೂ ಇರಬೇಕು. ಹೊರಡುವ ಮುಂಚೆ ಗುನುಗಿಕೊಂಡು ಗಂಟಲನ್ನು ಬೆಚ್ಚಗೆ ಮಾಡಿಕೊ, ಕತ್ತಿಗೆ ಮಫ್ಲರ್ ಸುತ್ತಿಕೊ, ಹೊಟ್ಟೆಯಿಂದ ಕೂಗು. ಮನೆಗೆ ಬಂದ ಮೇಲೆ ತಂಬುಟ್ಟು, ತುಪ್ಪ, ಪಾಯಸ. ತಿನ್ನು, ಆದರೆ ಹಾಡುವುದಕ್ಕಿಂತ ಸಾಕಷ್ಟು ಮುಂಚೆ ತಿನ್ನು. ಹೊಟ್ಟೆ ಬಿರಿಯೆ ತಿಂದು ಹಾಡಹೊರಟರೆ ಉಸಿರು ಕೆಳಗಿಳಿಯುವುದಿಲ್ಲ, ಹುಳಿ ತೇಗು ಮೇಲೆ ಬಂದು ತಂತುಗಳನ್ನೇ ಸುಡುತ್ತದೆ. ಒಂದು ಪೆಗ್ ಹಾಕಿದರೆ ಗಂಟಲು ತೆರೆಯುತ್ತದೆ ಎಂದು ನಿನಗೆ ಹತ್ತು ಮಂದಿ ಹೇಳುತ್ತಾರೆ. ತೆರೆಯುವುದು ಸಂಕೋಚ ಮಾತ್ರ, ಗಂಟಲು ಒಣಗುತ್ತದೆ, ಶ್ರುತಿ ತಪ್ಪಿದ್ದು ಗೊತ್ತಾಗದಂತೆ ಕಿವಿಯೂ ಮಂಕಾಗುತ್ತದೆ. ಪಾಟು ಮುಗಿಯುವವರೆಗೆ ಮುಟ್ಟಬೇಡ. ಇದು ನಿನ್ನ ತಾತನ ಮಾತು.

ಜೇನು, ಒಳ್ಳೆಮೆಣಸಿನ ಕಷಾಯ ಕೊಡಲು ಅಜ್ಜಿ ಕಾದಿರುತ್ತಾಳೆ. ಕುಡಿ, ಹಿತವಾಗಿರುತ್ತದೆ. ಆದರೆ ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುವುದರಿಂದ ಅದರ ಒಂದು ಹನಿಯೂ ಧ್ವನಿತಂತುವಿಗೆ ತಾಗುವುದಿಲ್ಲ. ತಂತುಗಳು ಒದ್ದೆಯಾಗಿರುವುದು ದಿನವಿಡೀ ಕುಡಿದ ನೀರಿನಿಂದ, ಉಸಿರಾಡಿದ ಹಬೆಯಿಂದ. ಹಾಗೆಯೇ ಪುದೀನದ ಮಾತ್ರೆ ಚೀಪುತ್ತ ಹಾಡಬೇಡ, ಅದು ನೋವನ್ನು ಮುಚ್ಚಿಡುತ್ತದೆ, ನೀನು ಗಾಯದ ಮೇಲೆ ಹಾಡುತ್ತಿರುತ್ತೀ. ದನಿ ಬಿದ್ದರೆ ಪಿಸುಮಾತಿಗಿಂತ ಮೌನ ಒಳ್ಳೆಯದು. ಪದೇ ಪದೇ ಕೆಮ್ಮಿ ಗಂಟಲು ಕೆರೆದುಕೊಳ್ಳುವ ನಿನ್ನ ಅಭ್ಯಾಸ ಬಿಡು, ಗುಟುಕು ನೀರು ಕುಡಿ. ಮೂರು ವಾರ ಕಳೆದರೂ ದನಿ ಕರ್ಕಶವಾಗಿಯೇ ಉಳಿದರೆ ಇಎನ್‌ಟಿ ವೈದ್ಯರಿಗೆ ತೋರಿಸು, ಮನೆಮದ್ದಿನಲ್ಲಿ ಕಾಲ ಕಳೆಯಬೇಡ.

ಕಾಲೇಜು, ಪರೀಕ್ಷೆಗಳ ನಡುವೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿದೆ ಎನ್ನುತ್ತೀಯೇನೋ. ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು. ಕೋರ್ಟು, ಕಕ್ಷಿದಾರರ ಜೊತೆಗೇ ಹಾಡು ಇಟ್ಟುಕೊಂಡಿದ್ದರು. 'ಕಾಡು ಕುದುರೆ' ಚಿತ್ರದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಿನಗೆ ಪ್ರಶಸ್ತಿ ಬರಬೇಕೆಂದು ನಾನು ಬಯಸುತ್ತಿಲ್ಲ. ನಮ್ಮ ಮೂಲಮನೆಯಾದ ಐನ್‌ಮನೆಯ ನಡುಮನೆಯಲ್ಲಿ, ತೂಗುದೀಪದ ಎದುರು ನೀನು ನಿಂತು ಹಾಡುವುದನ್ನು ಕೇಳಬೇಕು, ನನಗೆ ಬೇಕಾದದ್ದು ಅಷ್ಟೆ. ನಮ್ಮ ಕೇರಿಯಲ್ಲಿ ಹಾಡುವವರು ಕಡಿಮೆಯಾಗುತ್ತಿದ್ದಾರೆ. ಈಗ ಹಲವು ಮದುವೆಗಳಲ್ಲಿ ಸ್ಪೀಕರಿನಿಂದ ಪಾಟು ಹಾಕುತ್ತಾರೆ. ಸ್ಪೀಕರಿಗೆ ಎದುರು ನಿಂತವರ ಮನೆತನದ ಹೆಸರು ಸೇರಿಸಿ ಹಾಡಲು ಬರುವುದಿಲ್ಲ.

ನಿನ್ನ ಹೆಸರನ್ನು ತಂಡದಿಂದ ತೆಗೆಸಿಲ್ಲ, ತೆಗೆಸುವುದೂ ಇಲ್ಲ. ಈ ವರ್ಷ ನೀನು ಮರಳಿ ಹಾಡುವ ಜೋಡಿಯಲ್ಲಿ ನಿಲ್ಲು, ನಿನ್ನ ದೊಡ್ಡಪ್ಪನ ಎಡಕ್ಕೆ. ಅವರ ದನಿಯೂ ತಗ್ಗಿನದೇ, ನಿಮ್ಮಿಬ್ಬರದು ಕೂಡುತ್ತದೆ. ಎತ್ತಿ ಹಾಡುವವರಿಗೆ ಶ್ರುತಿ ಇಳಿಸಲು ನಾನೇ ಹೇಳಿದ್ದೇನೆ. ಮುಂದಿನ ತಿಂಗಳ ಎರಡನೆಯ ಶನಿವಾರ ಕಾಲೇಜು ಮುಗಿಸಿ ಬಸ್ಸು ಹತ್ತು. ಅವತ್ತು ಸಂಜೆಯಿಂದಲೇ ನಮ್ಮ ಮನೆಯ ಜಗಲಿಯಲ್ಲಿ ಅಭ್ಯಾಸ ಶುರು. ದುಡಿಯ ತೊಗಲು ಮಳೆಗಾಲದ ತೇವಕ್ಕೆ ಸಡಿಲಾಗಿತ್ತು, ಬಿಗಿ ಮಾಡಿಸಿ ಇಟ್ಟಿದ್ದೇನೆ. ಬರುವಾಗ ಹೊಸದಾಗಿ ಹಾಡಿದ ಒಂದು ರೆಕಾರ್ಡಿಂಗ್ ತಾ, ನೀನು ಹುಡುಕಿಕೊಂಡ ಶ್ರುತಿಯಲ್ಲಿ. ಸ್ವೆಟರ್ ಮರೆಯಬೇಡ.

ಪ್ರೀತಿಯಿಂದ,
ನಿನ್ನ ತಾತ